ಮುರ್ಮುಲಿಸನ ಹಲ್ಲು

ಹಗಲು ನಾನು ಹಲ್ಲು ಮಾಡುತ್ತೇನೆ.
ರೀಗಾದ ಬ್ರೀವಿಬಸ್ ಬೀದಿ, ಮೂರನೇ ಅಂಗಳ, ನೆಲಮಾಳಿಗೆ.
ಬಿಳಿ ಅಚ್ಚಿನ ಮೇಲೆ ಗುಲಾಬಿ ಮೇಣ,
ಯಾರದೋ ಬಾಯಿ, ಯಾರದೋ ಬೋಳು ವಸಡು.
ಹೆಸರಿಲ್ಲ, ನಂಬರು ಮಾತ್ರ:
ನಾನ್ನೂರ ಹನ್ನೆರಡಕ್ಕೆ ಮೇಲಿನ ಸಾಲು,
ನಾನ್ನೂರ ಹದಿಮೂರಕ್ಕೆ ಎರಡೂ.

ರಾತ್ರಿ ಬರೆಯುವುದೂ ಹಲ್ಲೇ.
ಮೂರು ಸಾಲು, ಅಡ್ಡಾದಿಡ್ಡಿ,
ಯಾವ ಡಾಕ್ಟರೂ ಸಹಿ ಹಾಕದ ಹಲ್ಲು.
ಮುರ್ಮುಲಿಸ್ ಅಂದರೆ ನಮ್ಮಲ್ಲಿ ಗೊಣಗುವವನು.
ಒಂಬತ್ತಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ
ಲಿಫ್ಟಿನ ಕೆಳಗಿನ ಹೊಂಡದಲ್ಲಿ ವಾಸ.
ಜೋಡಿಯಲ್ಲಿ ಒಂದೇ ಕೈಗವಸು ತಿನ್ನುತ್ತಾನೆ,
ಎಡಗೈಯದ್ದು.
ಬಲಗೈಯದ್ದಕ್ಕೆ ಉಪ್ಪು ಜಾಸ್ತಿಯಂತೆ.

ಒಂದು ಫೆಬ್ರವರಿ, ಬೇಲಿಯ ಗೂಟಗಳ ಮೇಲೆ
ಯಾರೋ ಪುಣ್ಯವಂತರು ಸಿಕ್ಕಿಸಿಟ್ಟ ಒಂಟಿ ಕೈಗವಸುಗಳು
ಟ್ರಾಮಿಗೆ ಕೈಬೀಸುತ್ತಿದ್ದವು.
ಎಲ್ಲವೂ ಬಲಗೈ.
ಎಡಗೈ ಎಲ್ಲಿ ಹೋದವು ಎಂದು ಯೋಚಿಸಿದ್ದೇ ತಪ್ಪಾಯಿತು.
ಆರು ವರ್ಷವಾಯಿತು.

ಗುರುವಾರ ರಾತ್ರಿ ಹತ್ತಕ್ಕೆ ನಾಲ್ಕು ಚೌಕ.
ಮೊದಲ ವರ್ಷ ಮೂವತ್ತೊಂದು ಓದುಗರು,
ಅದರಲ್ಲಿ ಇಬ್ಬರು ನಾನೇ.
ಈಗ ಎರಡು ಸಾವಿರ, ಮೇಲೆ ಚಿಲ್ಲರೆ.
ಬರುವ ದುಡ್ಡು ಪೆನ್ನಿನ ಮೊನೆ ಸವೆದಷ್ಟಕ್ಕೆ ಸರಿ.
ಲಿಯೆಪಾಯಾದಿಂದ ಒಬ್ಬಳು ಬರೆಯುತ್ತಾಳೆ,
'ಕಳೆದ ವಾರದ್ದು ಸಪ್ಪೆ.'
ಹೌದು, ಸಪ್ಪೆ.
ಜನಕ್ಕೆ ಗೊತ್ತಿಲ್ಲ,
ರಾಕ್ಷಸನನ್ನು ಸಾಕುವುದೆಂದರೆ ಮುಕ್ಕಾಲು ಪಾಲು
ಬರೀ ಕಪ್ಪು ತುಂಬುವ ಕೆಲಸ.
ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಚಹಾ ಆರುತ್ತದೆ.
ಹಲ್ಲು ಕಚ್ಚಿ ತುಂಬಬೇಕು.

ರೋಗಿಗಳು ನಮ್ಮ ನೆಲಮಾಳಿಗೆಗೆ ಇಳಿಯುವುದಿಲ್ಲ.
ನಾನ್ನೂರ ಹನ್ನೆರಡು ಇಳಿದ.
ಹೆಸರು ಅರ್ವೀಡ್ಸ್, ಲಿಫ್ಟ್ ರಿಪೇರಿಯಲ್ಲಿ ನಲವತ್ತು ವರ್ಷ.
ಜೇಬಿನಿಂದ ಮಡಿಸಿದ ಕಾಗದ ಬಿಚ್ಚಿದ:
ನನ್ನ ನಾಲ್ಕು ಚೌಕ.
'ಇಂಥ ಹಲ್ಲು ಬೇಕು. ಹೆಚ್ಚುವರಿ ಒಂದು ಸೆಟ್ಟು.'

ಪಕ್ಕದ ಮನೆಯ ಮದಾರಾಗೆ ಆರು ವರ್ಷ.
ಬಾಗಿಲ ಸಂದಿಯಿಂದ ಹೊಂಡಕ್ಕೆ
ಹನ್ನೊಂದು ಎಡಗವಸು ಉಣಿಸಿದ್ದಾಳೆ.
ತಾಯಿ ನೇಯುತ್ತಾಳೆ, ಬೈಯುತ್ತಾಳೆ, ಮತ್ತೆ ನೇಯುತ್ತಾಳೆ.
'ಕೀಲಿ ನನ್ನ ಹತ್ತಿರ ಇನ್ನೂ ಇದೆ.
ರಾತ್ರಿ ಇಳಿದು ಹೆಕ್ಕಿ ತರುತ್ತೇನೆ.
ನಲವತ್ತು ವರ್ಷ ಅಂಥ ಹೊಂಡ ನೋಡಿದ್ದೇನೆ,
ಅಲ್ಲಿ ಏನೂ ಇಲ್ಲ.'
ಸ್ವಲ್ಪ ತಡೆದು, 'ಇರಬೇಕಿತ್ತು.'

ಆಮೇಲೆ ಕಾಗದದ ಮೇಲೆ ಬೆರಳು ಕುಟ್ಟಿ,
'ಈ ಚಿತ್ರಗಾರನಿಗೆ ಏನೂ ತಿಳಿಯದು.
ಇಷ್ಟು ಸಣ್ಣ ಲಿಫ್ಟಿಗೆ ಎರಡು ಸ್ಪ್ರಿಂಗ್ ಬರೆದಿದ್ದಾನೆ.
ಇರುವುದು ಒಂದು.'

ನಾನೇ ಎನ್ನಲಿಲ್ಲ.
ನಾಲಿಗೆ ತುದಿಗೆ ಬಂದದ್ದು
ಹಲ್ಲಿನ ಹಿಂದೆ ನಿಂತಿತು.

ಒಡತಿ ಜಿದ್ರಾ ಮನೆಗೆ ಹೋದ ಮೇಲೆ ಕೂತೆ.
ಮನುಷ್ಯನ ಬಾಯಿಗೆ ಮೂರು ಸಾಲು ಹಿಡಿಯುವುದಿಲ್ಲ,
ಒಂದೂವರೆ ಹಿಡಿಯಿತು.
ಹಳದಿ ಬೇಕೆಂದು ಚಹಾದಲ್ಲಿ ನೆನೆಹಾಕಿದೆ.
ಆರು ವರ್ಷ ಗೆರೆಯಲ್ಲಿದ್ದ ಕೋರೆ
ಮೊದಲ ಸಲ ಅಂಗೈಯಲ್ಲಿ ಭಾರವಾಯಿತು.

ಸ್ಟೀಲ್ ಕೆಟಲಿನಲ್ಲಿ ಮುಖ ನೋಡಿಕೊಂಡ ಅರ್ವೀಡ್ಸ್.
'ಚಿತ್ರದಲ್ಲಿ ಇನ್ನೂ ವಿಕಾರವಾಗಿದೆ,' ಎಂದ,
ಆದರೂ ತೆಗೆಯಲಿಲ್ಲ.
ಕೂಲಿಯೆಂದು ಡಬ್ಬಿಯ ತುಂಬ
ಬೇಯಿಸಿದ ಬೂದು ಬಟಾಣಿ ಇಟ್ಟ.
ಒಂದು ಬಾಯಿಗೆ ಹಾಕಿಕೊಂಡ, ಅದು ಜಾರಿ ನೆಲಕ್ಕೆ ಬಿತ್ತು.
ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುತ್ತಾರಲ್ಲ,
ಹಲ್ಲು ಹೆಚ್ಚಾದವರಿಗೂ ಇಲ್ಲ.

ಆ ಗುರುವಾರ ಸ್ಪ್ರಿಂಗ್ ಒಂದೇ ಬರೆದೆ.
ಎರಡು ಸಾವಿರದಲ್ಲಿ ಯಾರೂ ಕೇಳಲಿಲ್ಲ.

ಮಾರ್ಚಿನಲ್ಲಿ ರಿಪೇರಿಗೆ ಬಂದ ಪೆಟ್ಟಿಗೆಗಳ ನಡುವೆ
ಒಂದರ ಮೇಲೆ ನಾನ್ನೂರ ಹನ್ನೆರಡು.
ಚೀಟಿಯಲ್ಲಿ 'ಕೋರೆ, ಎಡಗಡೆ, ಮುರಿದಿದೆ.'
ಕಾರಣ ಎಂಬಲ್ಲಿ, ನಡುಗುವ ಅಕ್ಷರ:
'ಉಣ್ಣೆ.'
ಇಕ್ಕಳದಿಂದ ಎಳೆದೆ.
ಕೆಂಪು ಎಳೆ, ಬರುತ್ತಲೇ ಇತ್ತು.