ಬಾಕಿ

ತಿಂಗಳ ಮೊದಲ ವಾರ ನನಗೆ ಸಿಂಧಿ ಕಾಲೊನಿ.
ಸೊಂಟಕ್ಕೆ ಬಿಲ್ಲಿನ ಮಿಷನ್ನು, ಜೇಬಲ್ಲಿ ಟಾರ್ಚು.
ಕರೆಂಟು ಎಣಿಸುವವನಿಗೂ ಟಾರ್ಚು ಬೇಕು ಇಲ್ಲಿ,
ಮೀಟರೆಲ್ಲ ಮೆಟ್ಟಿಲ ಕೆಳಗಿನ ಕತ್ತಲಲ್ಲಿ.

ಡೇರೆಗೊಂದು ತುಂಡು ನೆಲ ಅಂತ
ಆ ಕಾಲದಲ್ಲಿ ಹಗ್ಗ ಹಿಡಿದು ಅಳೆದು ಕೊಟ್ಟದ್ದಂತೆ.
ಈಗ ಅದೇ ತುಂಡಿನ ಮೇಲೆ ನಾಲ್ಕು ಅಂತಸ್ತು,
ಹದಿನಾಲ್ಕು ಮೀಟರು.
ಈ ಮನೆಯ ಟವೆಲು ಎದುರುಮನೆಯ ಕಿಟಕಿಯಲ್ಲಿ ಒಣಗುತ್ತದೆ.
ಒಂದು ಕುಕ್ಕರು ಕೂಗಿದರೆ
ಮೂರು ಮನೆಯ ಹೆಂಗಸರು ಏಳುತ್ತಾರೆ, ನಮ್ಮದೋ ಅಂತ.
ಬೀದಿಯ ಪಾಲಿಗೆ ಬಂದ ಆಕಾಶ ಒಂದು ಗೇಣು,
ಅದರಲ್ಲೂ ಅರ್ಧ ಕೇಬಲ್ಲಿನವರದು.

ಖಾತೆಯಲ್ಲಿ ಹೆಸರು ಬದಲಾಗಿಲ್ಲ:
ಖೂಬಚಂದ್, ಮೆಂಘರಾಜ್, ತಾಹಿಲ್‌ರಾಮ್.
ಸತ್ತವರ ಹೆಸರಲ್ಲೇ ಫ್ರಿಜ್ಜು ಓಡುತ್ತದೆ,
ಸತ್ತವರೇ ಗೀಸರು ಹಾಕಿ ಮರೆಯುತ್ತಾರೆ.
ಹೆಸರು ಬದಲಾಯಿಸಿಕೊಳ್ಳಿ ಅಂದರೆ
ಇನ್ನೂ ಒಂದು ಅರ್ಜಿಯಾ, ಅಂತ ನಗುತ್ತಾರೆ
ಅರ್ಜಿ ಬರೆದು ಬರೆದೇ ಊರಾದ ಜನ.

ಮೂರನೇ ಮಹಡಿ, ಎಡಗಡೆ.
ಇದೊಂದು ಮೀಟರು ಮಾತ್ರ ಮನೆಯೊಳಗೆ,
ಮೀನಿನ ಮೇಲೆ ಕೂತ ಬಿಳಿಗಡ್ಡದ ದೇವರ ಪಕ್ಕ.
ಖೇಮಿಬಾಯಿ ಮೊದಲು ಹಪ್ಪಳ ಕೊಡುತ್ತಾಳೆ, ಆಮೇಲೆ ನೀರು,
ಆಮೇಲೆ ಮಾತು. ಅರ್ಧ ಕನ್ನಡ, ಕಾಲು ತಮಿಳು,
ಇನ್ನು ಕಾಲು ಎಲ್ಲಿಯದೋ.
ನಮ್ಮೂರು ಸಕ್ಕರ್, ಅಂದಿದ್ದಳು ಮೊದಲ ಸಲ.
ಸಕ್ಕರೆ ಬೇಡಮ್ಮ, ಶುಗರ್ ಇದೆ, ಅಂದಿದ್ದೆ.
ನಕ್ಕು ನಕ್ಕು ಕೆಮ್ಮು ಬಂತು ಅವಳಿಗೆ.
ಅವತ್ತಿಂದ ನಾನು ಮನೆಯವನು.

ಹೋದ ತಿಂಗಳು ಹಪ್ಪಳದ ಡಬ್ಬಿಯ ತಳದಿಂದ
ಒಂದು ಕಾಗದ ತೆಗೆದಳು.
ಮಡಿಕೆಯಲ್ಲಿ ಹರಿದು ನಾಲ್ಕು, ಟೇಪಿನಿಂದ ಮತ್ತೆ ಒಂದು.
ಯಾವ ಊರಿನದಾದರೂ ಬಿಲ್ಲು ಬಿಲ್ಲೇ:
ಹಿಂದಿನ ರೀಡಿಂಗು, ಈಗಿನ ರೀಡಿಂಗು,
ನಡುವೆ ಒಂದು ಕಳೆಯುವ ಲೆಕ್ಕ.
ಎರಡು ರೂಪಾಯಿ ಹನ್ನೆರಡಾಣೆ.
ಆಗಸ್ಟು, ನಲವತ್ತೇಳು.

ಅಪ್ಪ ಯಾರ ಬಾಕಿಯನ್ನೂ ಇಟ್ಟವನಲ್ಲ, ಅಂದಳು.
ಹೊರಡೋ ದಿನ ಹಾಲಿನವನಿಗೆ ಕೊಟ್ಟ, ಅಗಸನಿಗೆ ಕೊಟ್ಟ,
ಕಟ್ಟೆ ಮೇಲೆ ಕೂರುತ್ತಿದ್ದ ಹುಚ್ಚನಿಗೂ ಒಂದಾಣೆ.
ಕರೆಂಟಾಫೀಸಿಗೆ ಬೀಗ ಬಿದ್ದಿತ್ತು.
ಹಡಗಿನಲ್ಲಿ, ಕ್ಯಾಂಪಿನಲ್ಲಿ,
ಇಲ್ಲಿ ಈ ಗೋಡೆ ಎದ್ದ ಮೇಲೂ, ಸಾಯೋ ತನಕ
ಅದೊಂದೇ ಕೊರೆತ. ಮನೆ ಹೋದದ್ದಲ್ಲ,
ಬಿಲ್ಲು ಕಟ್ಟದೆ ಬಂದದ್ದು.
ನೀನು ಕರೆಂಟಿನವನಲ್ಲವಾ ಬೇಟಾ, ಕಟ್ಟಿಸಿಕೋ.

ಆ ಆಫೀಸಿಗೂ ನಮ್ಮ ಆಫೀಸಿಗೂ ತಂತಿ ಇಲ್ಲ
ಅಂತ ಹೇಗೆ ಹೇಳುವುದು.
ತಲೆ ಆಗಲೇ ಬಡ್ಡಿಯ ಲೆಕ್ಕಕ್ಕಿಳಿದಿತ್ತು, ಹಾಳು ಅಭ್ಯಾಸ.
ನನ್ನದು ಲಗ್ಗೆರೆ. ನಮ್ಮ ಬೀದಿಯೂ
ಎಲ್ಲಿಂದಲೋ ಎಬ್ಬಿಸಿ ತಂದು ಇಳಿಸಿದವರದೇ.
ಬುಲ್ಡೋಜರಿಗೆ ಹೋದ ಅಮ್ಮನ ಗುಡಿಸಲಿಗೆ ಕರೆಂಟೇ ಇರಲಿಲ್ಲ,
ಆದ್ದರಿಂದ ಬಾಕಿಯೂ ಇಲ್ಲ, ಚೀಟಿಯೂ ಇಲ್ಲ.
ಇಷ್ಟು ದಿನ ಅದನ್ನು ಪುಣ್ಯ ಅಂದುಕೊಂಡಿದ್ದೆ.

ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಪೆನ್ಸಿಲಿನಲ್ಲಿ ಬರೆದ ರೀಡಿಂಗು.
ಯಾರೋ ಪುಣ್ಯಾತ್ಮ, ಏಳಕ್ಕೆ ಅಡ್ಡಗೆರೆ ಎಳೆದಿದ್ದ,
ಕತ್ತಲಲ್ಲಿ ಒಂದು ಅಂತ ಓದಿಬಿಡದಿರಲಿ ಅಂತ.
ನಾನೂ ಹಾಗೇ ಬರೆಯುತ್ತಿದ್ದೆ, ಮಿಷನ್ನು ಬರುವ ಮೊದಲು.
ಅವನು ಹತ್ತಿ ಇಳಿದ ಆ ಮನೆಯಲ್ಲಿ
ಈಗ ಯಾರ ಫ್ಯಾನು ತಿರುಗುತ್ತಿದೆಯೋ,
ತಾಹಿಲ್‌ರಾಮನ ಹೆಸರಲ್ಲೇ ತಿರುಗುತ್ತಿದೆಯೋ.

ಎರಡು ರೂಪಾಯಿಯ ಒಂದು ನಾಣ್ಯ, ಮೂರು ನಾಲ್ಕಾಣೆ.
ನಾಲ್ಕಾಣೆ ಈಗ ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ.
ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.
ಕೆಳಗಿಳಿದು ಬಂದು
ಉಳಿದ ಹದಿಮೂರು ಮೀಟರು ಓದಿದೆ, ಎರಡನ್ನು ತಪ್ಪಾಗಿ.

ಚಿಲ್ಲರೆ ಇನ್ನೂ ಚೀಲದಲ್ಲೇ ಇದೆ.
ನಾಳೆ ಒಂದನೇ ತಾರೀಖು.
ಹಪ್ಪಳ ಕೊಡುತ್ತಾಳೆ, ನೀರು ಕೊಡುತ್ತಾಳೆ,
ಆಮೇಲೆ ರಸೀದಿ ಕೇಳುತ್ತಾಳೆ.