ಎರಡನೇ ಕಲಮು

ಗಾರ್ಸೆನ್ ಊರಿನ ಶಾಲೆಯಲ್ಲಿ ಅಹವಾಲು ಸಭೆ.
ತಗಡಿನ ಸೂರು ಬಿಸಿಲಿಗೆ ಟಕ್ ಟಕ್ ಅನ್ನುತ್ತಿತ್ತು.
ನೈರೋಬಿಯಿಂದ ಬಂದ ಐವರು ಸದಸ್ಯರು, ಐದು ನೀರಿನ ಬಾಟಲಿ,
ಬಾಗಿಲ ಬಳಿ ಸೀಮೆಸುಣ್ಣದ ಪುಡಿಯ ಮೇಲೆ ಚಪ್ಪಲಿಗಳು.
ನಾನು ದುಭಾಷಿ, ದಿನಗೂಲಿಯವ.
ಸ್ವಾಹಿಲಿ ಕಿವಿಯಲ್ಲಿ ಹೊಕ್ಕು ಇಂಗ್ಲಿಷಾಗಿ ಬಾಯಲ್ಲಿ ಹೊರಡಬೇಕು,
ನಡುವೆ ನನ್ನದೇನೂ ಬೆರೆಯಬಾರದು.

ಹದಿನೇಳನೆಯವಳು ಮ್ವನಹಾವಾ.
ಮೂರು ನಿಮಿಷ, ಆಮೇಲೆ ಗಂಟೆ.
ಕಂಕುಳಲ್ಲಿ ಸುರುಳಿ ಸುತ್ತಿದ ಮಸೂದೆಯ ಪ್ರತಿ,
ಕೈಯಲ್ಲಿ ಬಿಗಿಯಲು ಮೂತಿಯೇ ಇಲ್ಲದ ಒಂದು ಹಗ್ಗ.

"ಸುಬಿರಾ ಆ ರಾತ್ರಿ ಬರಲಿಲ್ಲ," ಎಂದಳು.
"ಅದು ಬರಲಿಲ್ಲ," ಎಂದೆ ನಾನು.

ನಮ್ಮ ಕರಾವಳಿಯ ಮಾತಿನಲ್ಲಿ
ಅತ್ತೆ ಬಂದರೂ ಅಮೆಕುಜ, ಕತ್ತೆ ಬಂದರೂ ಅಮೆಕುಜ;
ಉಸಿರಿರುವುದಕ್ಕೆಲ್ಲ ಒಂದೇ ಅಕಾರ.
ಬಕೀಟು ಬಂದರೆ ಮಾತ್ರ ಇಮೆಕುಜ.
ಇಂಗ್ಲಿಷಿಗೆ ದಾಟುವಷ್ಟರಲ್ಲಿ
ಅತ್ತೆ ಈಚೆ ದಡದಲ್ಲೇ ಉಳಿದಳು,
ಕತ್ತೆ ಹೋಗಿ ಬಕೀಟಿನ ಪಕ್ಕ ನಿಂತಿತು.
ಅಂಬಿಗ ನಾನೇ. ಹತ್ತು ವರ್ಷದಿಂದ ನಾನೇ.

ಒಂಬತ್ತು ಮಳೆಗಾಲ ನೀರು ಹೊತ್ತದ್ದು ಹೇಳಿದಳು,
ನಾದಿನಿಯನ್ನು ನೋವಿನ ನಡುವೆ ದವಾಖಾನೆಗೆ ಹೊತ್ತದ್ದು,
ಬೆಳಿಗ್ಗೆ ತಾಳೆಮರಗಳ ಹಿಂದೆ ನೊಣದ ಸದ್ದು ಹಿಡಿದು ಹೋದದ್ದು.
"ಎಲ್ಲ ಇತ್ತು. ಚರ್ಮ ಒಂದಿರಲಿಲ್ಲ."
(ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ನೀರು ಕುಡಿಯಬೇಕಾಯಿತು.)
ಠಾಣೆಯಲ್ಲಿ ಕಳೆದುಹೋದ ವಸ್ತುಗಳ ಪುಸ್ತಕದಲ್ಲಿ ಬರೆದುಕೊಂಡರಂತೆ:
ಮೇಲಿನ ಸಾಲಿನಲ್ಲಿ ಯಾರದೋ ಸೈಕಲ್ ಪಂಪು.

ಆಮೇಲೆ ಸುರುಳಿ ಬಿಚ್ಚಿದಳು. ಹದಿನಾಲ್ಕನೇ ಕಲಮು.
ಕದ್ದು ಕೊಂದವನಿಗೆ ದಂಡ, ಪೇಟೆ ಬೆಲೆ ಮೀರದಂತೆ.
"ಬೆಲೆ ಕೊಟ್ಟು ಒಯ್ದರೆ ಅದಕ್ಕೆ ವ್ಯಾಪಾರ ಅಂತಾರೆ.
ಇದು ಶಿಕ್ಷೆಯಲ್ಲ, ದೊಡ್ಡವರೇ, ರಸೀದಿ."

ತುದಿಯಲ್ಲಿ ಕೂತ ಸದಸ್ಯರು ನಕ್ಕು ಗಾದೆ ತೆಗೆದರು,
ನಮ್ಮ ಅಜ್ಜಂದಿರ ಗಾದೆ: ಕತ್ತೆಯ ಕೃತಜ್ಞತೆ ಅಂದರೆ ಒದೆತ.
ಹಾಲಿಗೆ ಹಾಲೇ ನಕ್ಕಿತು. ಹಲ್ಲು ಕಾಣದಂತೆ ನಾನೂ ನಕ್ಕೆ.

ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು.
"ಅವಳು ಒದೆಯಲಿಲ್ಲ," ಎಂದಳು. "ಒದ್ದಿದ್ದರೆ ಬದುಕಿರುತ್ತಿದ್ದಳು."

ಅದೇ ಮಾತು ನನ್ನ ಬಾಯಿಂದ ಇಂಗ್ಲಿಷಿನಲ್ಲಿ ಬಂತು,
ಅವಳು ಹೇಗೆ ಹೇಳಿದಳೋ ಹಾಗೆಯೇ: ಅವಳು.
ಅಧ್ಯಕ್ಷ ಗಲ್ಗಲೋ ಕನ್ನಡಕ ಇಳಿಸಿದರು.
"ಅದು, ಅಲ್ಲವೇ?"
"ಸಾಕ್ಷಿಯ ಮಾತು ಹಾಗಿದೆ, ಸರ್."

ಗಂಟೆ ಹೊಡೆಯಿತು. ಅವಳು ಗಂಟೆಯ ಮೇಲೆಯೇ ಮಾತಾಡಿದಳು:
"ಕರುಣೆ ಕೇಳಲು ಬಂದಿಲ್ಲ. ಕರುಣೆ ನಮ್ಮೂರಲ್ಲೂ ಇದೆ,
ಕೆಲವರಿಗೆ ಇದೆ, ಕೆಲವು ದಿನ ಇದೆ.
ರಾತ್ರಿ ಎರಡು ಗಂಟೆಗೆ ಅದು ಮಲಗಿರುತ್ತದೆ.
ಎರಡನೇ ಕಲಮು ನೋಡಿ. ಪ್ರಾಣಿ ಎಂದರೆ ಸ್ವತ್ತು, ಅಂತಿದೆ.
ಸ್ವತ್ತು ಒಡೆದರೆ ಸದ್ದಾಗುತ್ತದೆ, ನೋವಾಗುವುದಿಲ್ಲ.
ನೋವಾಗುವ ಜೀವ ಅಂತ ಬರೆಯಿರಿ. ಮೂರೇ ಪದ.
ಹದಿನಾಲ್ಕನೆಯದು ತಾನಾಗಿಯೇ ಭಾರವಾಗುತ್ತದೆ."

ಹದಿನೆಂಟನೆಯವನು ಎದ್ದು ನಿಂತಿದ್ದ, ಮೀನಿನ ಬಲೆಯ ಅಹವಾಲು.

ನಡಾವಳಿ ಅಚ್ಚಾಗಿ ಬಂದಿದೆ. ಮಸೂದೆ ಇನ್ನೂ ಸಮಿತಿಯಲ್ಲಿದೆ,
ಎರಡನೇ ಕಲಮಿನ ಅಂಚಿಗೆ ಯಾರೋ ಪೆನ್ಸಿಲಿನ ಪ್ರಶ್ನೆಚಿಹ್ನೆ ಹಾಕಿದ್ದಾರಂತೆ.
ಅರವತ್ತೊಂದನೇ ಪುಟದಲ್ಲಿ ಸುಬಿರಾ
ಹನ್ನೊಂದು ಸಲ ಅದು.
ಒಂದು ಸಲ, ಕರಡು ತಿದ್ದುವವನ ಕಣ್ಣು ತಪ್ಪಿಯೋ ಏನೋ,
ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ,
ಅವಳು.