ಇತರೆ

ಮೊದಲು ಹೆಬ್ಬೆಟ್ಟು ಇಡ್ರಿ ಅಂದೆ.
ಇಟ್ಟ ಸಾಬಣ್ಣ. ಕೆಂಪು ದೀಪ.
ಒರೆಸಿ, ಸ್ಪಿರಿಟ್ ಹಚ್ಚಿ, ಎಡಗೈಯದು,
ಆಮೇಲೆ ಹತ್ತೂ ಬೆರಳು ಒಂದೊಂದಾಗಿ.
ಗಾಜಿನ ಮೇಲೆ ಉಳಿದದ್ದು ಬರೀ ಬಿಳಿ ಪುಡಿ.
"ಫರಸಿ ತಿಕ್ಕಿ ತಿಕ್ಕಿ ಗೆರಿ ಎಲ್ಲಾ ಹೋಗ್ಯಾವ್ರಿ ಬಾಯಾರ,
ನಾ ಯಾರಂತ ಆ ಡಬ್ಬಿಗಿ ಹ್ಯಾಂಗ ತಿಳೀಬೇಕು?"

ಅವನು ತಿಕ್ಕಿದ ಶಹಾಬಾದ ಕಲ್ಲಿನ ಮೇಲೇ
ನನ್ನ ಮೇಜು, ಮೇಜಿನ ಮೇಲೆ ಕಂಪ್ಯೂಟರು.

ಓಟಿಪಿ ಅಂದೆ. ಫೋನು ಮಗಳ ಹತ್ತಿರ,
ಮಗಳು ವಾಡಿ ಸ್ಟೇಷನ್ನಿನ ಆಚೆ, ಗಂಡನ ಮನೆಯಲ್ಲಿ.
ಯಾರದೋ ಫೋನಿನಿಂದ ಕೇಳಿ, ಆರು ಅಂಕಿ ಒತ್ತುವಷ್ಟರಲ್ಲಿ
ಪರದೆ ತಾನಾಗಿ ಮುಚ್ಚಿಕೊಂಡಿತ್ತು.
ಹೊರಗೆ ಸಾಲು. ಒಂದು ಕೂಸು ಅಳುತ್ತಲೇ ಇತ್ತು.
ಡಾಕ್ಟರು ಅವನ ಮುಖ ನೋಡಲಿಲ್ಲ. ಬೇಡವೆಂದಲ್ಲ,
ಅವರ ಕುರ್ಚಿ ಗೋಡೆಗೆ ಮುಖ ಮಾಡಿದೆ,
ಪ್ಲಗ್ಗು ಇರುವುದು ಅಲ್ಲೊಂದೇ.

ಉದ್ಯೋಗ.
ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ:
ಕೃಷಿ, ಸರ್ಕಾರಿ, ಖಾಸಗಿ, ಗೃಹಿಣಿ, ವಿದ್ಯಾರ್ಥಿ,
ಮೀನುಗಾರಿಕೆ ಕೂಡ ಇದೆ,
ಕಾಗಿಣಾದಲ್ಲಿ ಮೊಣಕಾಲುದ್ದ ನೀರಿಲ್ಲದ ಈ ತಿಂಗಳು.
ಕಲ್ಲು ಇಲ್ಲ.
ಕಟ್ಟಕಡೆಗೆ, ಇತರೆ.
ಒತ್ತಿದೆ. ಹಸಿರಾಯಿತು.

ಹಳೇ ರಿಜಿಸ್ಟರಿನಲ್ಲಿ ಕಂಪೌಂಡರ್ ಖಯೂಮ್ ಸಾಹೇಬರು
ಹೆಸರಿನ ಪಕ್ಕ, ಕೆಂಪು ಗೆರೆಯಾಚೆ, ಪೆನ್ಸಿಲ್ಲಿನಲ್ಲಿ
ಸಣ್ಣದೊಂದು ಚೌಕ ಬರೆಯುತ್ತಿದ್ದರು, ಕಲ್ಲಿನವನು ಅಂತ.
ಪುಟ ತಿರುವಿದರೆ ಸಾಕು,
ಯಾವ ಓಣಿ ಕೆಮ್ಮುತ್ತಿದೆ ಗೊತ್ತಾಗುತ್ತಿತ್ತು.
ಆ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಿದವಳು ನಾನೇ.
ಪೆನ್ಸಿಲ್ಲು ಮೂಡಲಿಲ್ಲ.

ಸುಳ್ಳು ಹೇಳಬಾರದು.
ಹೋದ ತಿಂಗಳು ಬಸುರಿ ಮಲಕವ್ವಗೆ ಒಗ್ಗದ ಸೂಜಿ
ಇನ್ನೇನು ಚುಚ್ಚಬೇಕು, ಆಗ
ಕಲಬುರಗಿ ದೊಡ್ಡಾಸ್ಪತ್ರೆಯ ಹಳೇ ನೆನಪು ತೆಗೆದು
ಕೈ ಹಿಡಿದದ್ದು ಇದೇ ಪರದೆ.
ಬೈಯಲಿಕ್ಕೂ ಬಾಯಿ ಬರುವುದಿಲ್ಲ ಹಾಗಾಗಿ.

ವರದಿ ಬಂತು, ಬಣ್ಣಬಣ್ಣದ ವೃತ್ತಗಳು.
ನಮ್ಮ ಕೇಂದ್ರದಲ್ಲಿ ಕಲ್ಲುಪುಡಿಯ ದಮ್ಮು: ಸೊನ್ನೆ.
ಇತರೆ: ಮುನ್ನೂರ ಹನ್ನೊಂದು.
ಸಭೆಯಲ್ಲಿ ಚಪ್ಪಾಳೆ ತಟ್ಟಿದರು,
ಎಲ್ಲ ಕೋಣೆ ತುಂಬಿದ್ದಕ್ಕೆ. ನಾನೂ ತಟ್ಟಿದೆ.

ಆವತ್ತಿನಿಂದ ವಿಳಾಸದ ಕೋಣೆಯಲ್ಲಿ,
ಓಣಿಯ ಹೆಸರು ಮುಗಿದ ಮೇಲೆ,
ಒಂದು ಚುಕ್ಕೆ ಹೆಚ್ಚಿಗೆ ಹಾಕುತ್ತೇನೆ.
ಸಾಬಣ್ಣನಿಗೂ ಹಾಕಿದೆ.
ಮಾತ್ರೆ ಚೀಟಿ ರುಮಾಲಿಗೆ ಸಿಕ್ಕಿಸಿ ಹೊರಟವನ ಕೆಮ್ಮು
ಗೇಟಿನ ತನಕ ಕೇಳುತ್ತಿತ್ತು.

ವರ್ಗ ಆಗುವ ಮುಂಚೆ
ಇಲ್ಲಿಗೆ ಬರುವವಳಿಗೆ ಹೇಳಿಡಬೇಕು:
ಅದು ಟೈಪಿಂಗ್ ತಪ್ಪಲ್ಲ.